ಗೇಟಿನ ಮೇಲೆ ಹೆಸರಿದೆ, ಹೊಣೆ ಯಾರದ್ದು?

2025ರ ಜೂನ್ 4ರ ಸಂಜೆ ನಾನು ಪೆರ್ಡೂರಿನ ಮನೆಯಲ್ಲಿದ್ದೆ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಕಪ್ ಗೆದ್ದಿತ್ತು, ನಮ್ಮ ಪೇಟೆಯಲ್ಲೂ ಪಟಾಕಿ ಸಿಡಿದಿತ್ತು. ಮರುದಿನ ಸಂಜೆ ಟಿವಿ ತುಂಬ ಚಪ್ಪಲಿ ರಾಶಿ, ಆಂಬುಲೆನ್ಸ್. ಸತ್ತವರ ಲೆಕ್ಕ ಏರ್ತಾ ಏರ್ತಾ 11ಕ್ಕೆ ನಿಂತಿತು. ಅದರಲ್ಲಿ 14 ವರ್ಷದ ಹುಡುಗಿಯೂ ಇದ್ದಳು.

ಪ್ರತಿ ಸುದ್ದಿಯಲ್ಲೂ ಒಂದೇ ಹೆಸರು ಕೇಳ್ತಿತ್ತು: ಚಿನ್ನಸ್ವಾಮಿ. ಪಕ್ಕದಲ್ಲಿ ಕೂತಿದ್ದ ಅಪ್ಪ, ಈ ಚಿನ್ನಸ್ವಾಮಿ ಅಂದ್ರೆ ಯಾರು ಮಾರಾಯ, ಆಟಗಾರನಾ ಮಂತ್ರಿಯಾ ಅಂತ ಕೇಳಿದರು. ನಾನು ತಬ್ಬಿಬ್ಬಾದೆ. ಆ ಕ್ರೀಡಾಂಗಣದ ಟಿಕೆಟ್‌ಗಾಗಿ ರಾತ್ರಿಯಿಡೀ ಮೊಬೈಲ್ ಹಿಡಿದು ಕೂತವನು ನಾನು. ಆದರೆ ಅದರ ಹೆಸರಿನ ಹಿಂದಿರುವ ಮನುಷ್ಯನ ಬಗ್ಗೆ ಒಂದು ಸಾಲೂ ಗೊತ್ತಿರಲಿಲ್ಲ. ಆ ನಾಚಿಕೆಯಿಂದಲೇ ಹುಡುಕಲು ಶುರು ಮಾಡಿದೆ.

ಮಂಡ್ಯದ ವಕೀಲ

ಮಂಗಳಂ ಚಿನ್ನಸ್ವಾಮಿ ಮೊದಲಿಯಾರ್ ಹುಟ್ಟಿದ್ದು 1900ರಲ್ಲಿ. ಮಂಡ್ಯದವರು, ವೃತ್ತಿಯಲ್ಲಿ ವಕೀಲರು. ಇವತ್ತು ನಮಗೆ ಅವರ ಹೆಸರು ಗೊತ್ತಿರುವುದು ಬ್ಯಾಟು ಚೆಂಡಿನಿಂದಲ್ಲ, ಮೇಜಿನ ಹಿಂದೆ ಕೂತು ಮಾಡಿದ ಕೆಲಸದಿಂದ. ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾಗಿದ್ದ ಅವರು 1953ರಲ್ಲಿ ಅದರ ಕಾರ್ಯದರ್ಶಿಯಾದರು. 1978ರವರೆಗೆ ಆ ಕುರ್ಚಿ ಬಿಡಲಿಲ್ಲ. ಬಿಟ್ಟ ಮೇಲೆ ಅಧ್ಯಕ್ಷರಾಗಿ 1990ರ ತನಕ ಮುಂದುವರಿದರು. ಒಟ್ಟು 37 ವರ್ಷ! ನಡುವೆ 1960ರಿಂದ 65ರವರೆಗೆ ಬಿಸಿಸಿಐ ಕಾರ್ಯದರ್ಶಿ, 1977ರಿಂದ 80ರವರೆಗೆ ಅಧ್ಯಕ್ಷ.

ಅಧಿಕಾರಕ್ಕೆ ಅಂಟಿಕೊಂಡವರನ್ನು ಕಂಡರೆ ನಮ್ಮ ತಲೆಮಾರಿಗೆ ಆಗುವುದಿಲ್ಲ. ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ಆ ವರ್ಷಗಳಲ್ಲಿ ಏನಾಯ್ತು ಅಂತಲೂ ನೋಡಬೇಕಲ್ಲ.

ಟೆಸ್ಟ್ ಕಾಣದ ರಾಜಧಾನಿ

ಆ ಕಾಲದಲ್ಲಿ ಬೊಂಬಾಯಿ, ಕಲ್ಕತ್ತ, ಮದ್ರಾಸ್, ದೆಹಲಿಗಳಲ್ಲಿ ಟೆಸ್ಟ್ ಪಂದ್ಯ ನಡೆಯುತ್ತಿದ್ದವು. ಬೆಂಗಳೂರಿಗೆ ಒಂದೂ ಇರಲಿಲ್ಲ. ರಣಜಿ ಪಂದ್ಯಗಳಿಗೆ ಸೆಂಟ್ರಲ್ ಕಾಲೇಜಿನ ಮೈದಾನವೇ ಗತಿ. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್‌ರಂಥ ಆಟಗಾರರನ್ನು ದೇಶಕ್ಕೆ ಕೊಟ್ಟ ರಾಜ್ಯಕ್ಕೆ ಸ್ವಂತದ್ದೆನ್ನುವ ಕ್ರೀಡಾಂಗಣ ಇರಲಿಲ್ಲ.

ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿದ್ದಾಗ ಸರ್ಕಾರ ಕಬ್ಬನ್ ಪಾರ್ಕ್ ಪಕ್ಕದಲ್ಲಿ ಜಾಗ ಕೊಟ್ಟಿತು. 1969ರ ಮೇ ತಿಂಗಳಲ್ಲಿ ಶಂಕುಸ್ಥಾಪನೆ, ಮರುವರ್ಷ ಮೇನಲ್ಲಿ ಕಾಮಗಾರಿ ಶುರು. ಆಗ ಟಿವಿ ಹಕ್ಕಿನ ಕೋಟಿಗಳಿಲ್ಲ, ಫ್ರಾಂಚೈಸಿಗಳಿಲ್ಲ. ಆ ದಿನಗಳಲ್ಲಿ ಸಂಸ್ಥೆಯ ಕಾರ್ಯದರ್ಶಿ 70 ವರ್ಷದ ಚಿನ್ನಸ್ವಾಮಿ. ಹೆಚ್ಚಿನವರು ಮೊಮ್ಮಕ್ಕಳ ಜೊತೆ ಕೂರುವ ವಯಸ್ಸು.

1972–73ರ ಹಂಗಾಮಿನಲ್ಲಿ ಅಲ್ಲಿ ಪಂದ್ಯ ಆರಂಭವಾದವು. 1974ರ ಮಾರ್ಚ್‌ನಲ್ಲಿ ಅದೇ ಮೈದಾನದ ಸೆಮಿಫೈನಲ್‌ನಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ, ಸತತ 15 ವರ್ಷ ರಣಜಿ ಗೆದ್ದಿದ್ದ ಬೊಂಬಾಯಿಯನ್ನು ಹೊರಗೆ ಹಾಕಿತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು ಆಗಿನ್ನೂ ಐದು ತಿಂಗಳಾಗಿರಲಿಲ್ಲ. ಮೊದಲ ರಣಜಿ ಟ್ರೋಫಿಯೂ ಆ ಹಂಗಾಮಿನಲ್ಲೇ ಬಂತು. ನವೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಬೆಂಗಳೂರಿನ ಮೊದಲ ಟೆಸ್ಟ್ ನಡೆಯಿತು. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಮೊದಲ ಟೆಸ್ಟ್ ಆಡಿದ್ದು ಇಲ್ಲೇ. ಭಾರತ ಸೋತಿತು, ಅದು ಬೇರೆ ವಿಷಯ.

ಅವರು ಬಿಸಿಸಿಐ ಅಧ್ಯಕ್ಷರಾದಾಗ ಆಸ್ಟ್ರೇಲಿಯಾದ ಕೆರಿ ಪ್ಯಾಕರ್ ದುಡ್ಡು ಚೆಲ್ಲಿ ಜಗತ್ತಿನ ದೊಡ್ಡ ಆಟಗಾರರನ್ನು ತನ್ನ ಖಾಸಗಿ ಸರಣಿಗೆ ಎಳೆದುಕೊಂಡಿದ್ದ. ಎರಡು ಯುದ್ಧಗಳ ನಂತರ ಭಾರತ ತಂಡ ಮತ್ತೆ ಪಾಕಿಸ್ತಾನಕ್ಕೆ ಹೋಗಿ ಆಡಿದ್ದೂ ಅವರ ಅವಧಿಯಲ್ಲೇ, 1978ರಲ್ಲಿ. 1980ರ ಫೆಬ್ರುವರಿಯಲ್ಲಿ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್ ಬೊಂಬಾಯಿಯಲ್ಲಿ ನಡೆಯಿತು. 1991ರ ನವೆಂಬರ್‌ನಲ್ಲಿ ತೀರಿಕೊಂಡಾಗ ಅವರಿಗೆ 91 ವರ್ಷ.

ಈಗಿನ ಕಾನೂನಲ್ಲಿ ಚಿನ್ನಸ್ವಾಮಿ

ಈಗ ಒಂದು ಕಲ್ಪನೆ ಮಾಡಿ ನೋಡಿ. ಲೋಧಾ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಒಪ್ಪಿತು. ಪದಾಧಿಕಾರಿಗಳಿಗೆ 70 ವರ್ಷದ ಮಿತಿ ಬಂತು, ಕುರ್ಚಿ ಬಿಟ್ಟು ಕೆಲ ಕಾಲ ಹೊರಗಿರುವ ನಿಯಮವೂ ಬಂತು. ಈ ನಿಯಮ ಆಗಲೇ ಇದ್ದಿದ್ದರೆ ಕಾಮಗಾರಿ ಶುರುವಾದ ವರ್ಷವೇ ಚಿನ್ನಸ್ವಾಮಿ ಮನೆಗೆ ಹೋಗಬೇಕಿತ್ತು. 77ಕ್ಕೆ ಬಿಸಿಸಿಐ ಅಧ್ಯಕ್ಷರಾಗುವ ಮಾತೇ ಇರುತ್ತಿರಲಿಲ್ಲ.

ಹಾಗಾದರೆ ನಿಯಮ ತಪ್ಪಾ? ನನಗೆ ಹಾಗನಿಸುವುದಿಲ್ಲ. ಒಬ್ಬ ಚಿನ್ನಸ್ವಾಮಿಗೆ ಎದುರಾಗಿ, ಕುರ್ಚಿ ಹಿಡಿದು ಏನೂ ಕಟ್ಟದ ಎಷ್ಟೋ ಜನರನ್ನು ನಮ್ಮ ಕ್ರೀಡಾ ಸಂಸ್ಥೆಗಳು ಕಂಡಿವೆ. ಒಳ್ಳೆಯವನೊಬ್ಬ ಸಿಗುತ್ತಾನೆ ಅನ್ನುವ ನಂಬಿಕೆ ಮೇಲೆ ಸಂಸ್ಥೆ ನಡೆಸಲು ಆಗದು. ಆದರೆ ಆ ಕಾಲದಲ್ಲಿ ಒಂದು ಅನುಕೂಲವಿತ್ತು. ಏನಾದರೂ ಎಡವಟ್ಟಾದರೆ ಯಾರನ್ನು ಕೇಳಬೇಕು ಅಂತ ಊರಿಗೆಲ್ಲ ಗೊತ್ತಿತ್ತು. ಹಳೆಯ ಕಾರ್ಯದರ್ಶಿ ಹೋದರು, ಸರಿ. ಅವರ ಜೊತೆ ಹೊಣೆಯೂ ಹೋಯ್ತು, ಅದೇ ಸಮಸ್ಯೆ.

ಜೂನ್ 4ರ ನಂತರ ಏನಾಯ್ತು ನೆನಪಿಸಿಕೊಳ್ಳಿ. ಸುಮಾರು 35 ಸಾವಿರ ಜನ ಹಿಡಿಯುವ ಜಾಗಕ್ಕೆ ಲಕ್ಷಾಂತರ ಜನ ಬಂದರು. ಆಮೇಲೆ ಸರ್ಕಾರ ಫ್ರಾಂಚೈಸಿಯ ಕಡೆ, ಫ್ರಾಂಚೈಸಿ ಪೊಲೀಸರ ಕಡೆ ಕೈ ತೋರಿಸಿತು. ಗೇಟು ಮತ್ತು ಜನಸಂದಣಿ ನಮ್ಮ ಜವಾಬ್ದಾರಿಯಲ್ಲ ಅಂತ ಕ್ರಿಕೆಟ್ ಸಂಸ್ಥೆ ಹೈಕೋರ್ಟಿಗೆ ಹೇಳಿತು. ದೊಡ್ಡ ಜನಸಂದಣಿಯ ಕಾರ್ಯಕ್ರಮಕ್ಕೆ ಈ ಕ್ರೀಡಾಂಗಣದ ವಿನ್ಯಾಸವೇ ಸುರಕ್ಷಿತವಲ್ಲ ಎಂದು ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ ವರದಿ ಕೊಟ್ಟಿತು. ಮಹಿಳಾ ವಿಶ್ವಕಪ್‌ನ ಪಂದ್ಯಗಳು ನವಿ ಮುಂಬೈ ಪಾಲಾದವು.

ಅದೇ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಮಸೂದೆಯನ್ನು ಅಂಗೀಕರಿಸಿತು. ಕ್ರೀಡಾ ಮಂಡಳಿ, ನ್ಯಾಯಮಂಡಳಿ ಎಲ್ಲ ಇದರಲ್ಲಿವೆ. ಆದರೆ ಮಾಹಿತಿ ಹಕ್ಕು ಅನ್ವಯವಾಗುವುದು ಸರ್ಕಾರದ ಹಣಕಾಸು ನೆರವು ಪಡೆಯುವ ಸಂಸ್ಥೆಗಳಿಗೆ ಮಾತ್ರ. ಸರ್ಕಾರದ ಅನುದಾನಕ್ಕೆ ಕೈಚಾಚದ ಬಿಸಿಸಿಐ ಆರಾಮಾಗಿ ಆಚೆ ಉಳಿಯಿತು. ಐಪಿಎಲ್‌ನ ಐದು ವರ್ಷದ ಪ್ರಸಾರ ಹಕ್ಕನ್ನೇ 48,390 ಕೋಟಿ ರೂಪಾಯಿಗೆ ಮಾರಿದವರಿಗೆ ಅನುದಾನ ಯಾಕೆ ಬೇಕು?

ನನ್ನ ತಕರಾರು ಇಲ್ಲಿದೆ. ಚಿನ್ನಸ್ವಾಮಿಯವರ ಕಾಲದಲ್ಲಿ ಕ್ರೀಡಾಂಗಣ ಎದ್ದಿದ್ದು ಸರ್ಕಾರ ಕೊಟ್ಟ ಜಾಗದ ಮೇಲೆ. ಇವತ್ತಿಗೂ ಪಂದ್ಯ ಅಂದರೆ ಪೊಲೀಸರು ನಮ್ಮವರು, ಮುಚ್ಚುವ ರಸ್ತೆ ನಮ್ಮದು, ಕೊನೆಗೆ ಆಂಬುಲೆನ್ಸ್ ಓಡುವುದೂ ಸರ್ಕಾರಿ ಆಸ್ಪತ್ರೆಗೆ. ಇದೆಲ್ಲ ನೆರವಲ್ಲದೆ ಮತ್ತೇನು? 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿದೆ. ಒಲಿಂಪಿಕ್ಸ್ ಆಸೆಯೂ ಇದೆ. ಅದಕ್ಕಿಂತ ಮೊದಲು, ಸಾರ್ವಜನಿಕ ಜಾಗ ಮತ್ತು ಪೊಲೀಸರನ್ನು ಬಳಸುವ ಪ್ರತಿ ಕೂಟಕ್ಕೂ ಹೊಣೆ ಹೊರುವವರ ಹೆಸರು ಮತ್ತು ಸುರಕ್ಷತಾ ಯೋಜನೆಯನ್ನು ಮುಂಚೆಯೇ ಪ್ರಕಟಿಸಬೇಕು ಅಂತ ಕಾನೂನು ಬರಲಿ.

ನಮ್ಮ ಗದ್ದೆಯ ಲೆಕ್ಕ

ನಮ್ಮೂರಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಅಂಡರ್‌ಆರ್ಮ್ ಟೂರ್ನಮೆಂಟ್ ನಡೆಯುತ್ತಿತ್ತು. ಒಂದು ವರ್ಷ ಅಡಿಕೆ ಮರದ ಅಟ್ಟಳಿಗೆ ಮುರಿದು ಹುಡುಗನೊಬ್ಬನ ಕೈ ಮುರಿಯಿತು. ರಶೀದಿ ಪುಸ್ತಕದಲ್ಲಿ ಹೆಸರಿದ್ದ ಕಾರ್ಯದರ್ಶಿಯ ಮನೆಗೇ ಆ ರಾತ್ರಿ ಎಲ್ಲರೂ ಹೋದರು. ಆಸ್ಪತ್ರೆ ಬಿಲ್ಲನ್ನು ಸಮಿತಿ ಕಟ್ಟಿತು. ಮುಂದಿನ ಭಾನುವಾರ ಲೆಕ್ಕ ಓದುವಾಗ ಆ ಖರ್ಚನ್ನೂ ಓದಿದರು, ಬೈಗುಳವನ್ನೂ ತಿಂದರು. ನಾವೇನೂ ದೊಡ್ಡ ಆದರ್ಶವಾದಿಗಳಲ್ಲ. ಯಾರನ್ನು ಬೈಯಬೇಕು ಅಂತ ಗೊತ್ತಿತ್ತು, ಅಷ್ಟೇ.

ಅಪ್ಪನಿಗೆ ಈಗ ಉತ್ತರ ಹೇಳಿದ್ದೇನೆ. ಚಿನ್ನಸ್ವಾಮಿ ಒಬ್ಬ ಕಾರ್ಯದರ್ಶಿ, ಬೆಂಗಳೂರಿಗೆ ಮೈದಾನ ಕಟ್ಟಿಸಿದವರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದ್ರೆ ಈಗಿನ ಕಾರ್ಯದರ್ಶಿ ಯಾರು ಅಂತ ಕೇಳಿದರು. ಹೆಸರು ಹೇಳಬಹುದಿತ್ತು. ಆದರೆ ಅವರು ಕೇಳಿದ್ದು ಹೆಸರನ್ನಲ್ಲ ಅಂತ ನನಗೆ ಗೊತ್ತಿತ್ತು.