ತಲೆಬುರುಡೆಯ ಪಂಡಿತ ಗಾಲ್

ಜರ್ಮನಿಯ ಬಾಡೆನ್ ಸೀಮೆಯ ಟೀಫೆನ್‌ಬ್ರೊನ್ ಗ್ರಾಮದಲ್ಲಿ 1758ನೆಯ ಇಸವಿ ಮಾರ್ಚ್ 9ರಂದು ಫ್ರಾನ್ಸ್ ಜೋಸೆಫ್ ಗಾಲ್ ಜನಿಸಿದನು. ಮಗನು ಪಾದ್ರಿಯಾಗಬೇಕೆಂಬುದು ತಂದೆತಾಯಿಗಳ ಇಚ್ಛೆ. ಆತನು ಹಿಡಿದುದು ವೈದ್ಯವಿದ್ಯೆಯನ್ನು. 1785ರಲ್ಲಿ ವಿಯೆನ್ನಾ ನಗರದಲ್ಲಿ ಪದವಿಯನ್ನು ಪಡೆದನು.

ಬಾಲ್ಯದಲ್ಲಿ ತನ್ನನ್ನು ಕಂಠಪಾಠದಲ್ಲಿ ಸೋಲಿಸುತ್ತಿದ್ದ ಸಹಪಾಠಿಗಳ ಕಣ್ಣುಗಳು ಹೊರಕ್ಕೆ ಉಬ್ಬಿದ್ದುದನ್ನು ಈತನು ಗಮನಿಸಿದ್ದನು. ಈ ಎಳೆಯ ಊಹೆಯೇ ಮುಂದೆ ಶಾಸ್ತ್ರವಾಗಿ ಬೆಳೆಯಿತು. ಮನಸ್ಸಿಗೆ 27 ಶಕ್ತಿಗಳುಂಟು, ಪ್ರತಿಯೊಂದಕ್ಕೂ ಮೆದುಳಿನಲ್ಲಿ ಬೇರೆ ಬೇರೆ ಸ್ಥಾನವುಂಟು, ಬೆಳೆದ ಸ್ಥಾನವು ಬುರುಡೆಯನ್ನು ಉಬ್ಬಿಸುತ್ತದೆ ಎಂಬುದೇ ಆತನ ವಾದ. ಸೆರೆಮನೆಗಳನ್ನೂ ಹುಚ್ಚಾಸ್ಪತ್ರೆಗಳನ್ನೂ ಸುತ್ತಿದನು. ಬುರುಡೆಗಳನ್ನು ನೂರಾರು ಸಂಖ್ಯೆಯಲ್ಲಿ ಕೂಡಿಹಾಕಿದನು. ಧರ್ಮಕ್ಕೆ ಹಾನಿಕರವೆಂದು ಚಕ್ರವರ್ತಿಯು 1801ರಲ್ಲಿ ಉಪನ್ಯಾಸಗಳನ್ನು ನಿಷೇಧಿಸಲು, ಗಾಲ್ 1805ರಲ್ಲಿ ವಿಯೆನ್ನಾವನ್ನು ತೊರೆದು 1807ರಲ್ಲಿ ಪ್ಯಾರಿಸ್ ಸೇರಿದನು. 1828ರ ಆಗಸ್ಟ್ 22ರಂದು ಮರಣಹೊಂದಿದನು. ಆತನ ಇಚ್ಛೆಯಂತೆ ಆತನ ಬುರುಡೆಯೂ ಸಂಗ್ರಹವನ್ನು ಸೇರಿತು!

ಗಾಲನಿಗೆ ಸಲ್ಲತಕ್ಕ ಗೌರವವನ್ನು ನಾವು ಕಡಮೆ ಮಾಡಲಾರೆವು. ಮನೋವ್ಯಾಪಾರಕ್ಕೆಲ್ಲ ಮೆದುಳೇ ಆಧಾರವೆಂದು ಆತನು ಧೈರ್ಯದಿಂದ ಸಾರಿದನು. ಮಾತಿನ ಶಕ್ತಿಗೆ ಮೆದುಳಿನ ಎಡಭಾಗದಲ್ಲಿ ಸ್ಥಾನವುಂಟೆಂಬುದಕ್ಕೆ ಬ್ರೋಕಾ ಎಂಬ ಫ್ರೆಂಚ್ ವೈದ್ಯನು 1861ರಿಂದ ಸಾಕ್ಷ್ಯವನ್ನೊದಗಿಸಿದನು. ಆದರೆ ಬುರುಡೆಯ ಹೊರಮೈ ಒಳಗಿನ ಮೆದುಳನ್ನು ಚಾಚೂ ತಪ್ಪದೆ ಅನುಸರಿಸುವುದಿಲ್ಲ. ತನ್ನ ಮತಕ್ಕೆ ಒಪ್ಪುವ ತಲೆಗಳನ್ನು ಎಣಿಸಿ, ಒಪ್ಪದವುಗಳಿಗೆ ಸಬೂಬು ಹೇಳಿದುದೇ ಗಾಲನ ಮೂಲದೋಷ.

ಗುರುವಿನ ದೋಷವು ಶಿಷ್ಯರಲ್ಲಿ ಇಮ್ಮಡಿಯಾಯಿತು. ಎಡಿನ್‌ಬರೋ ನಗರದ ವಕೀಲ ಜಾರ್ಜ್ ಕೂಂಬ್ 1828ರಲ್ಲಿ ಪ್ರಕಟಿಸಿದ ಗ್ರಂಥವು ಲಕ್ಷಕ್ಕೆ ಮೀರಿ ಮಾರಾಟವಾಯಿತು. 1825ರಲ್ಲಿ ಕಲಕತ್ತೆಯಲ್ಲಿಯೂ ಈ ಶಾಸ್ತ್ರದ ಸಂಘವೊಂದು ಹುಟ್ಟಿತು. ಮಧ್ಯ ಭಾರತದ ಸಾಗರದಲ್ಲಿ ಗಲ್ಲಿಗೇರಿದ ಠಕ್ಕರ 7 ಬುರುಡೆಗಳು 1830ರ ದಶಕದಲ್ಲಿ ಎಡಿನ್‌ಬರೋ ಸಂಘಕ್ಕೆ ರವಾನೆಯಾದುವು. ಅಪರಾಧಿಗಳೆಂದು ಮೊದಲೇ ಗೊತ್ತಿದ್ದವರ ತಲೆಯಲ್ಲಿ ಅಪರಾಧದ ಗುರುತುಗಳನ್ನು ಹುಡುಕುವುದು ಪರೀಕ್ಷೆಯೆ? ಆಳುವವರ ಕೈಗೆ ಸಿಕ್ಕಿದ ಈ ಅಳತೆಗೋಲು ಜನಾಂಗಗಳನ್ನು ಮೇಲುಕೀಳೆಂದು ವಿಂಗಡಿಸಲು ಒದಗಿತು. ಆಳಿಸಿಕೊಂಡವನ ಕೊರತೆಗೆ ಆಳ್ವಿಕೆಯು ಕಾರಣವಲ್ಲ, ಆತನ ತಲೆಯೇ ಕಾರಣವೆಂದು ಹೇಳುವುದು ಎಷ್ಟು ಸುಲಭ!

ಅಂಗಲಕ್ಷಣ, ಹಣೆಬರಹಗಳ ಭ್ರಮೆ ನಮ್ಮಲ್ಲಿಯೂ ಇಲ್ಲದಿಲ್ಲ. ಹೆಣ್ಣು ನೋಡಲು ಹೋದವರು ಹಣೆ ಮೂಗುಗಳಲ್ಲಿ ಮನೆತನದ ಭಾಗ್ಯವನ್ನು ಓದುವುದನ್ನು ವಾಚಕರು ಬಲ್ಲರು. ಹೀಗಿರಲು ಪಾಶ್ಚಾತ್ಯರನ್ನು ಮಾತ್ರ ಹಳಿದು ಫಲವೇನು? ಮುಖದ ಚಿತ್ರವನ್ನು ನೋಡಿ ಅಪರಾಧಿಯನ್ನು ಗಣಕಯಂತ್ರವು ಗುರುತಿಸಬಲ್ಲುದೆನ್ನುವವರು ಈಚೆಗೆ ತಲೆದೋರಿದ್ದಾರೆ. ಯಂತ್ರವು ಹೊಸತು, ವಾದವು ಗಾಲನದೇ. ಮನುಷ್ಯನನ್ನು ಆತನು ಮಾಡಿದ ಕೆಲಸದಿಂದಲೇ ತೂಗತಕ್ಕದ್ದು. ನಮ್ಮ ನ್ಯಾಯಸ್ಥಾನಗಳೂ ಪಾಠಶಾಲೆಗಳೂ ಈ ನಿಯಮವನ್ನು ಬಿಡಬಾರದೆಂಬುದೇ ನಮ್ಮ ಆಗ್ರಹ.