ದುರ್ಬೀನು ಮಾಡಿದ ಸಂಗೀತ ಮೇಷ್ಟ್ರು

ನಮ್ಮ ಮನೆಯಲ್ಲಿ ಅದಕ್ಕೆ ದೂರ್‌ಬೀನ್ ಎನ್ನುತ್ತೇವೆ. ಅದೇ ಪದ ಕನ್ನಡದಲ್ಲಿ ದುರ್ಬೀನು ಆಗಿದೆ. ಪಠ್ಯಪುಸ್ತಕದಲ್ಲಿ ಮಾತ್ರ ದೂರದರ್ಶಕ. ಹೆಸರು ಯಾವುದಾದರೂ ಇರಲಿ, ಕೊಳ್ಳಲು ಹೊರಟವರು ಮೊದಲು ಕೇಳುವುದು ಬೆಲೆಯನ್ನೇ. ಸುಮಾರು 250 ವರ್ಷಗಳ ಹಿಂದೆ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿದ್ದ ಒಬ್ಬ ಸಂಗೀತ ಮೇಷ್ಟ್ರು ಕೂಡ ಅದನ್ನೇ ಕೇಳಿದರು. ಬಂದ ಉತ್ತರ ಅವರ ಜೇಬಿಗೆ ಭಾರವಾಗಿತ್ತು. ಅವರೇ ವಿಲಿಯಂ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದವರು ಎಂದು ಸೈನ್ಸ್ ವಿಭಾಗದ ಸ್ನೇಹಿತರಿಗೆ ಗೊತ್ತಿರುತ್ತದೆ. ನಾನು ಕಾಮರ್ಸ್ ಓದುವವನಾದ್ದರಿಂದ ಅವರ ಖರ್ಚಿನ ಕಡೆಯಿಂದ ಈ ಕಥೆ ಹೇಳುತ್ತೇನೆ.

ಹರ್ಷೆಲ್ ಹುಟ್ಟಿದ್ದು 1738ರ ನವೆಂಬರ್ 15ರಂದು, ಜರ್ಮನಿಯ ಹ್ಯಾನೋವರ್ ನಗರದಲ್ಲಿ. ತಂದೆ ಸೈನ್ಯದ ಬ್ಯಾಂಡಿನಲ್ಲಿ ವಾದ್ಯ ನುಡಿಸುತ್ತಿದ್ದರು. ಮಗನೂ ಅದೇ ಬ್ಯಾಂಡಿಗೆ ಸೇರಿದರು. 1757ರಲ್ಲಿ ಯುದ್ಧದ ಗಲಾಟೆಯಲ್ಲಿ ಊರು ಬಿಟ್ಟು ಇಂಗ್ಲೆಂಡಿಗೆ ಬಂದಾಗ ಅವರಿಗೆ ಹತ್ತೊಂಬತ್ತೂ ತುಂಬಿರಲಿಲ್ಲ. ಸಂಗೀತದ ಹಾಳೆಗಳನ್ನು ನಕಲು ಮಾಡಿಕೊಟ್ಟು ಹೊಟ್ಟೆ ಹೊರೆದರು. ಆಮೇಲೆ ಪಾಠ ಹೇಳಿದರು, ಕಛೇರಿಗಳಲ್ಲಿ ನುಡಿಸಿದರು. 1766ರಲ್ಲಿ ಬಾತ್‌ನ ಒಂದು ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ವಾದಕರಾಗಿ ನೆಲೆ ನಿಂತರು.

ಹ್ಯಾನೋವರಿನಲ್ಲಿ ಅವರ ತಂಗಿ ಕ್ಯಾರೊಲಿನ್ ಇದ್ದರು. ಅಣ್ಣನಿಗಿಂತ ಹನ್ನೊಂದು ವರ್ಷ ಚಿಕ್ಕವರು. ಹತ್ತನೇ ವಯಸ್ಸಿನಲ್ಲಿ ಟೈಫಸ್ ಜ್ವರ ಬಂದು ಬೆಳವಣಿಗೆ ನಿಂತುಹೋಗಿ, ಎತ್ತರ ನಾಲ್ಕೂಕಾಲು ಅಡಿಯ ಹತ್ತಿರಕ್ಕೇ ಉಳಿಯಿತು. ಮದುವೆಯಾಗದ ಈ ಮಗಳು ಮನೆಗೆಲಸಕ್ಕಿರಲಿ ಎಂಬುದು ತಾಯಿಯ ಲೆಕ್ಕ. 1772ರಲ್ಲಿ ಹರ್ಷೆಲ್ ತಂಗಿಯನ್ನು ಬಾತ್‌ಗೆ ಕರೆತಂದರು. ಅದಕ್ಕಾಗಿ, ತಂಗಿಯ ಬದಲು ಒಬ್ಬ ಕೆಲಸದವಳನ್ನು ಇಟ್ಟುಕೊಳ್ಳಲು ತಾಯಿಗೆ ವರ್ಷಕ್ಕಿಷ್ಟು ಎಂದು ಹಣ ಕೊಡಬೇಕಾಯಿತು. ಕ್ಯಾರೊಲಿನ್ ದುಡಿಮೆಗೆ ಒಬ್ಬರು ಬೆಲೆ ಕಟ್ಟಿದ್ದು ಬಹುಶಃ ಅದೇ ಮೊದಲು. ಆದರೆ ಆ ಹಣ ಅವರ ಕೈಗೆ ಬರಲಿಲ್ಲ.

ಬಾತ್‌ನಲ್ಲಿ ಅಣ್ಣ ಅವರಿಗೆ ಇಂಗ್ಲಿಷ್, ಮನೆಯ ಲೆಕ್ಕ ಬರೆಯುವುದು ಮತ್ತು ಹಾಡುವುದನ್ನು ಕಲಿಸಿದರು. ಕ್ಯಾರೊಲಿನ್ ಒಳ್ಳೆಯ ಗಾಯಕಿಯಾದರು. ಅಷ್ಟರಲ್ಲಿ ಅಣ್ಣನಿಗೆ ಆಕಾಶದ ಹುಚ್ಚು ಹಿಡಿಯಿತು.

1773ರಲ್ಲಿ ಹರ್ಷೆಲ್ ಖಗೋಳದ ಪುಸ್ತಕ ಕೊಂಡರು, ಮಸೂರಗಳನ್ನೂ ಕೊಂಡರು. ಮಸೂರದ ದುರ್ಬೀನಿಗೆ ಉದ್ದನೆಯ ಕೊಳವೆ ಬೇಕು. ಕ್ಯಾರೊಲಿನ್ ರಟ್ಟಿನಿಂದ ಮಾಡಿದ ಕೊಳವೆ ಬಾಗಿತು, ಆಮೇಲೆ ತಗಡಿನದು ಬಂತು. ಅಷ್ಟುದ್ದದ ಕೊಳವೆಯನ್ನು ಅಲುಗಾಡದಂತೆ ನಿಲ್ಲಿಸುವುದೇ ಕಷ್ಟವಾಯಿತು. ಕನ್ನಡಿ ಇರುವ ಎರಡಡಿಯ ದುರ್ಬೀನನ್ನು ಬಾಡಿಗೆಗೆ ತಂದು ನೋಡಿದರು. ಅದು ಹಿಡಿಸಿತು. ಇನ್ನೂ ದೊಡ್ಡ ಕನ್ನಡಿಗೆ ಎಷ್ಟಾಗುತ್ತದೆ ಎಂದು ಲಂಡನ್ನಿಗೆ ಬರೆದರು. ಅಷ್ಟು ದೊಡ್ಡದು ತಯಾರಿಲ್ಲ, ಬೇಕಿದ್ದರೆ ಮಾಡಿಕೊಡಬಹುದು ಎಂದು ಒಬ್ಬರು ತಿಳಿಸಿದರು. ಹೇಳಿದ ಬೆಲೆ ವಿಪರೀತವಾಗಿತ್ತು.

ಕೊಳ್ಳುವುದೋ, ತಾವೇ ಮಾಡುವುದೋ? ನಮ್ಮ ವ್ಯವಹಾರದ ಪಾಠಗಳಲ್ಲಿ ಬರುವ ಪ್ರಶ್ನೆಯೇ ಇದು. ಬಾತ್‌ನಲ್ಲಿಯೇ ಒಬ್ಬರು ಹಿಂದೆ ಹವ್ಯಾಸಕ್ಕೆ ಕನ್ನಡಿ ಉಜ್ಜುತ್ತಿದ್ದು, ಈಗ ಅದನ್ನು ಬಿಟ್ಟಿದ್ದರು. ಅವರ ಹಳೆಯ ಸಲಕರಣೆಗಳನ್ನು ಹರ್ಷೆಲ್ ಕೊಂಡುಕೊಂಡರು. ಸೆಕೆಂಡ್ ಹ್ಯಾಂಡ್ ಮಾಲು!

ಆ ಕಾಲದ ದುರ್ಬೀನಿನ ಕನ್ನಡಿ ಗಾಜಿನದಲ್ಲ. ತಾಮ್ರ ಮತ್ತು ತವರ ಸೇರಿಸಿ ಎರಕ ಹೊಯ್ದು, ತಿಂಗಳುಗಟ್ಟಲೆ ಉಜ್ಜಿ ಒಳಬಾಗಿದ ಹೊಳಪಿನ ತಟ್ಟೆ ಮಾಡಬೇಕು. ಕೊನೆಯ ಹಂತದಲ್ಲಿ ಕೈ ನಿಲ್ಲಿಸಿದರೆ ಮೇಲ್ಮೈಯ ಆಕಾರ ಕೆಡಬಹುದು. ಒಮ್ಮೆ ಏಳಡಿ ದುರ್ಬೀನಿನ ಕನ್ನಡಿಯ ಮೇಲಿಂದ ಹರ್ಷೆಲ್ ಹದಿನಾರು ಗಂಟೆ ಕೈ ತೆಗೆಯಲಿಲ್ಲ. ಕ್ಯಾರೊಲಿನ್ ಪಕ್ಕದಲ್ಲಿ ಕೂತು ತುತ್ತು ಮಾಡಿ ಬಾಯಿಗಿಟ್ಟರು, ಬೇಸರವಾಗದಂತೆ ಪುಸ್ತಕ ಓದಿ ಹೇಳಿದರು. ಮನೆಯ ಕೋಣೆಗಳೆಲ್ಲ ಕಾರ್ಖಾನೆಯಾದವು. ಎರಕದ ಅಚ್ಚಿಗೆ ಕುದುರೆ ಲದ್ದಿ ಬೇಕಿತ್ತು. ಅದನ್ನು ಕುಟ್ಟಿ ಜರಡಿ ಹಿಡಿದವರಲ್ಲಿ ಈ ಗಾಯಕಿಯೂ ಒಬ್ಬರು. 1781ರಲ್ಲಿ ಮೂರಡಿ ಅಗಲದ ಕನ್ನಡಿ ಎರಕ ಹೊಯ್ಯುವಾಗ ಕರಗಿದ ಲೋಹ ಸೋರಿ ನೆಲದ ಮೇಲೆ ಹರಿಯಿತು. ಹಾಸುಗಲ್ಲುಗಳು ಸಿಡಿದು ಹಾರಿದವು. ಎಲ್ಲರೂ ಓಡಿ ಪಾರಾದರು.

ಮಾಡಿದ್ದನ್ನು ಬಳಸುವುದೂ ಒಂದು ವಿದ್ಯೆ. ಬೇರೊಂದು ಮನೆಯಲ್ಲಿದ್ದಾಗ ನೋಡಲು ಜಾಗವಿಲ್ಲದೆ ಹರ್ಷೆಲ್ ದುರ್ಬೀನನ್ನು ಬೀದಿಯಲ್ಲೇ ನಿಲ್ಲಿಸಿ ಚಂದ್ರನನ್ನು ನೋಡುತ್ತಿದ್ದರು. 1779ರ ಡಿಸೆಂಬರಿನಲ್ಲಿ ಹಾಗೆ ನೋಡುತ್ತಿದ್ದಾಗ ದಾರಿಯಲ್ಲಿ ಹೋಗುತ್ತಿದ್ದ ವಿಲಿಯಂ ವಾಟ್ಸನ್ ಎಂಬ ವೈದ್ಯರು ತಾವೂ ನೋಡಬಹುದೇ ಎಂದು ಕೇಳಿದರು. ಈ ಪರಿಚಯದಿಂದಲೇ ಅವರಿಗೆ ವಿದ್ವಾಂಸರ ಕೂಟದ ಬಾಗಿಲು ತೆರೆಯಿತು.

1781ರ ಮಾರ್ಚ್ 13ರ ರಾತ್ರಿ, ನ್ಯೂ ಕಿಂಗ್ ಸ್ಟ್ರೀಟಿನ 19ನೇ ನಂಬರಿನ ಮನೆಯ ಹಿತ್ತಲಲ್ಲಿ ಅವರು ಆ ಏಳಡಿ ದುರ್ಬೀನಿನಿಂದ ನಕ್ಷತ್ರಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದರು. ಕನ್ನಡಿಯ ಅಗಲ ಕೇವಲ 6.2 ಇಂಚು. ಒಂದು ಚುಕ್ಕೆ ಉಳಿದವುಗಳಂತಿರಲಿಲ್ಲ. ಮೊದಲು 227 ಪಟ್ಟು, ಆಮೇಲೆ 460, ಕೊನೆಗೆ 932 ಪಟ್ಟು ದೊಡ್ಡದು ಮಾಡುವ ಐಪೀಸ್ ಹಾಕಿದರು. ನಕ್ಷತ್ರ ಬಹಳ ದೂರದ್ದು, ಎಷ್ಟು ದೊಡ್ಡದು ಮಾಡಿದರೂ ಆ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಇದು ಹಿಗ್ಗಿತು. ಕೆಲವು ದಿನ ಬಿಟ್ಟು ನೋಡಿದರೆ ಜಾಗವನ್ನೂ ಬದಲಿಸಿತ್ತು. ಹರ್ಷೆಲ್ ಅದನ್ನು ಧೂಮಕೇತು ಎಂದುಕೊಂಡರು. ಅದರ ದಾರಿಯನ್ನು ಲೆಕ್ಕ ಹಾಕಿದ ಗಣಿತಜ್ಞರು ಅದು ಶನಿಗಿಂತಲೂ ಆಚೆ ಇರುವ ಗ್ರಹ ಎಂದು ತೋರಿಸಿದರು. ಅದನ್ನು ಹಿಂದೆಯೂ ಹಲವರು ನೋಡಿದ್ದರು, 1690ರಲ್ಲಿ ಫ್ಲಾಮ್‌ಸ್ಟೀಡ್ ನಕ್ಷತ್ರ ಎಂದೇ ಬರೆದುಕೊಂಡಿದ್ದರು. ಹರ್ಷೆಲ್ ಅವರ ಕನ್ನಡಿ ಚೆನ್ನಾಗಿತ್ತು, ಕಣ್ಣೂ ಪಳಗಿತ್ತು. ಅವರ ದುರ್ಬೀನನ್ನು ಗ್ರೀನಿಚ್ ವೀಕ್ಷಣಾಲಯಕ್ಕೆ ಒಯ್ದು ಹೋಲಿಸಿದಾಗ ಅಲ್ಲಿನ ಸರ್ಕಾರಿ ದುರ್ಬೀನುಗಳಿಗಿಂತ ಇದೇ ಮೇಲೆಂದು ಕಂಡಿತು. ಈಗ ಹವ್ಯಾಸಿಗಳು ಕೊಳ್ಳುವ ಆರಿಂಚಿನ ದುರ್ಬೀನು ಹೆಚ್ಚುಕಡಿಮೆ ಅಷ್ಟೇ ಅಗಲದ್ದು. ಅಲ್ಯೂಮಿನಿಯಂ ಲೇಪದ ಗಾಜಾದ್ದರಿಂದ ಹರ್ಷೆಲ್ ಕನ್ನಡಿಗಿಂತ ಹೆಚ್ಚು ಬೆಳಕನ್ನೂ ಕೊಡುತ್ತದೆ.

1782ರಲ್ಲಿ ರಾಜ ಮೂರನೇ ಜಾರ್ಜ್ ಅವರಿಗೆ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿದರು. ಸಂಗೀತದಲ್ಲಿ ಬರುತ್ತಿದ್ದುದಕ್ಕಿಂತ ಇದು ಕಡಿಮೆ. ಆದರೂ ಹರ್ಷೆಲ್ ಸಂಗೀತ ಬಿಟ್ಟು ರಾಜನ ಅರಮನೆಯ ಹತ್ತಿರಕ್ಕೆ ಹೋದರು. ಕೊರತೆ ತುಂಬಲು ದುರ್ಬೀನು ಮಾರತೊಡಗಿದರು. ಏಳಡಿಯದ್ದಕ್ಕೆ ನೂರು ಗಿನಿ. ಸ್ಪೇನಿನ ರಾಜನಿಗೆ ಮಾಡಿಕೊಟ್ಟ 25 ಅಡಿಯದ್ದಕ್ಕೆ 3150 ಪೌಂಡ್. ಬೆಲೆ ಕೇಳಿ ಹಿಂದೆ ಸರಿದಿದ್ದವರೇ ಈಗ ಬೆಲೆ ಹೇಳುವವರಾದರು. ಅಣ್ಣ ಸಂಗೀತ ಬಿಟ್ಟಾಗ ತಂಗಿಯ ಹಾಡುಗಾರಿಕೆಯೂ ಮುಗಿಯಿತು. ಯಾರೂ ಅವರನ್ನು ಕೇಳಿದಂತೆ ಕಾಣುವುದಿಲ್ಲ.

ಅಲ್ಲಿಂದ ಮುಂದಿನ ರಾತ್ರಿಗಳು ಇಬ್ಬರವು. ಇಪ್ಪತ್ತು ಅಡಿಯ ದೊಡ್ಡ ದುರ್ಬೀನಿನ ಬಾಯಿಯ ಹತ್ತಿರ, ಮರದ ಅಟ್ಟಣಿಗೆಯ ಮೇಲೆ ಅಣ್ಣ. ಕೆಳಗೆ ದೀಪ, ಗಡಿಯಾರ ಇಟ್ಟುಕೊಂಡು ತಂಗಿ. ಕಂಡದ್ದನ್ನು ಅಣ್ಣ ಕೂಗಿ ಹೇಳುತ್ತಿದ್ದರು, ತಂಗಿ ಸಮಯ ನೋಡಿ ಬರೆದುಕೊಳ್ಳುತ್ತಿದ್ದರು. ಕತ್ತಲೆಗೆ ಪಳಗಿದ ಕಣ್ಣು ಒಮ್ಮೆ ದೀಪ ನೋಡಿದರೆ ಮಸುಕಾದ ನೀಹಾರಿಕೆಗಳು ಮತ್ತೆ ಬೇಗ ಕಾಣುವುದಿಲ್ಲ. ಬರೆಯಲು ಇನ್ನೊಬ್ಬರು ಇದ್ದುದರಿಂದ ಹರ್ಷೆಲ್ ದೀಪದ ಕಡೆ ತಿರುಗಬೇಕಾಗಿರಲಿಲ್ಲ. ಹೀಗೆ ಸುಮಾರು 2500 ನೀಹಾರಿಕೆ ಮತ್ತು ನಕ್ಷತ್ರಗುಚ್ಛಗಳ ಪಟ್ಟಿ ಸಿದ್ಧವಾಯಿತು. 1783ರ ಡಿಸೆಂಬರ್ 31ರಂದು ಕ್ಯಾರೊಲಿನ್ ಹಿಮದಲ್ಲಿ ಓಡುವಾಗ ಜಾರಿ, ಯಂತ್ರದ ಕಬ್ಬಿಣದ ಕೊಕ್ಕೆ ತೊಡೆಗೆ ನಾಟಿ ಮಾಂಸ ಕಿತ್ತುಬಂತು. ಗಾಯ ಮಾಗಲು ವಾರಗಳೇ ಹಿಡಿದವು.

1786ರ ಆಗಸ್ಟ್ 1ರಂದು ಅಣ್ಣ ಊರಲ್ಲಿ ಇಲ್ಲದಿದ್ದಾಗ, ತಮ್ಮ ಚಿಕ್ಕ ದುರ್ಬೀನಿನಲ್ಲಿ ಕ್ಯಾರೊಲಿನ್ ಒಂದು ಧೂಮಕೇತುವನ್ನು ಕಂಡರು. ಒಟ್ಟು ಎಂಟು ಧೂಮಕೇತುಗಳು ಅವರ ಲೆಕ್ಕದಲ್ಲಿವೆ. ಮರುವರ್ಷ ರಾಜ ಅವರಿಗೂ ವರ್ಷಕ್ಕೆ 50 ಪೌಂಡ್ ಸಂಬಳ ಕೊಟ್ಟರು. ಇಂಗ್ಲೆಂಡಿನಲ್ಲಿ ವಿಜ್ಞಾನದ ಕೆಲಸಕ್ಕೆ ಸಂಬಳ ಪಡೆದ ಮೊದಲ ಮಹಿಳೆ ಅವರು. ಆಗ ಅವರಿಗೆ 37 ವರ್ಷ. ತನಗೆ ಬೇಕಾದಂತೆ ಖರ್ಚು ಮಾಡಬಹುದಾದ ಹಣ ಕೈಗೆ ಸಿಕ್ಕಿದ್ದು ಬದುಕಿನಲ್ಲಿ ಅದೇ ಮೊದಲು ಎಂದು ಅವರು ಬರೆದಿಟ್ಟಿದ್ದಾರೆ. ಹಿಂದಿನ ಹದಿನೈದು ವರ್ಷಗಳ ಕೂಲಿ ಯಾವ ದುರ್ಬೀನಿನ ಬೆಲೆಯಲ್ಲೂ ಸೇರಿಲ್ಲ. ಹರ್ಷೆಲ್ ಅಗ್ಗದಲ್ಲಿ ದುರ್ಬೀನು ಮಾಡಿಕೊಂಡರು ಎಂದು ಹೇಳುವಾಗ ಇದನ್ನೂ ಕೂಡಿಸಬೇಕು ಎಂದು ನನಗನಿಸುತ್ತದೆ.

1789ರಲ್ಲಿ ಮುಗಿದ 40 ಅಡಿಯ ದುರ್ಬೀನಿಗೆ ರಾಜ 4000 ಪೌಂಡ್ ಕೊಟ್ಟರು. ನಾಲ್ಕು ಅಡಿ ಅಗಲದ ಕನ್ನಡಿ, ನೋಡಲು ಬಂದವರೆಲ್ಲ ಬಾಯಿ ಬಿಡುವಂಥದ್ದು. ಆದರೆ ಅದನ್ನು ತಿರುಗಿಸುವುದೇ ಹರಸಾಹಸ, ಕನ್ನಡಿಯೂ ಬೇಗ ಮಂಕಾಗುತ್ತಿತ್ತು. ಹರ್ಷೆಲ್ ಹೆಚ್ಚಿನ ಕೆಲಸವನ್ನು ಇಪ್ಪತ್ತು ಅಡಿಯದ್ದರಲ್ಲೇ ಮಾಡಿದರು. ಮನೆಗೆ ದುರ್ಬೀನು ಕೊಳ್ಳಬೇಕೆನ್ನುವವರು ಇದನ್ನು ಗಮನಿಸಬಹುದು.

1816ರಲ್ಲಿ ಅವರಿಗೆ ಸರ್ ಪದವಿ ಸಿಕ್ಕಿತು. 1822ರ ಆಗಸ್ಟ್ 25ರಂದು, 83ನೇ ವಯಸ್ಸಿನಲ್ಲಿ ತೀರಿಕೊಂಡರು. ಕ್ಯಾರೊಲಿನ್ ಹ್ಯಾನೋವರಿಗೆ ಮರಳಿ, ಅಣ್ಣನ ನೀಹಾರಿಕೆಗಳ ಪಟ್ಟಿಯನ್ನು ಅಣ್ಣನ ಮಗ ಜಾನ್‌ಗೆ ಉಪಯೋಗವಾಗುವಂತೆ ಹೊಸದಾಗಿ ಜೋಡಿಸಿಕೊಟ್ಟರು. ಅದಕ್ಕೆ 1828ರಲ್ಲಿ ಲಂಡನ್ನಿನ ಖಗೋಳ ಸಂಘ ಚಿನ್ನದ ಪದಕ ಕೊಟ್ಟಿತು. ಅವರು 1848ರವರೆಗೆ, 97 ವರ್ಷ ಬದುಕಿದ್ದರು. ನ್ಯೂ ಕಿಂಗ್ ಸ್ಟ್ರೀಟಿನ ಆ ಮನೆ ಈಗ ಮ್ಯೂಸಿಯಂ ಆಗಿದೆ. ಕರಗಿದ ಲೋಹ ಬಿದ್ದು ಸಿಡಿದ ಹಾಸುಗಲ್ಲುಗಳನ್ನು ಅಲ್ಲಿ ಇಂದಿಗೂ ಕಾಣಬಹುದು.