ಆಸ್ಕರ್ ಬರ್ನಾಕ್: ಕ್ಯಾಮೆರಾದ ಹೊರೆ ಇಳಿಸಿದ ಮೆಕ್ಯಾನಿಕ್

ಆಲ್ಕೊಳ ವೃತ್ತದಲ್ಲಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಯುವ ನಿಮಗೆ, ಕ್ಯಾಮೆರಾ ಎಂಬುದು ಒಂದು ಕಾಲದಲ್ಲಿ ಬೆನ್ನು ಬಾಗಿಸುವ ಹೊರೆಯಾಗಿತ್ತು ಎಂದರೆ ನಗು ಬರಬಹುದು. ದೊಡ್ಡ ಪೆಟ್ಟಿಗೆ, ಸ್ಟ್ಯಾಂಡ್, ಗಾಜಿನ ಪ್ಲೇಟುಗಳು, ಇಷ್ಟೆಲ್ಲ ಹೊತ್ತು ನಡೆಯಬೇಕಿತ್ತು. ಉಬ್ಬಸದ ರೋಗಿಯೊಬ್ಬರಿಗೆ ಅದು ಸಾಧ್ಯವಾಗಲಿಲ್ಲ. ಅದರಿಂದ ಜಗತ್ತಿಗೇ ಉಪಕಾರವಾಯಿತು.

ಆಸ್ಕರ್ ಬರ್ನಾಕ್ ಹುಟ್ಟಿದ್ದು 1879ರ ನವೆಂಬರ್ 1ರಂದು, ಜರ್ಮನಿಯ ಬ್ರಾಂಡೆನ್‌ಬರ್ಗ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ದೊಡ್ಡ ಪದವಿ ಪಡೆದವರಲ್ಲ. ವರ್ಕ್‌ಶಾಪಿನಲ್ಲಿ ಕೈಕೆಲಸ ಕಲಿತ ಮೆಕ್ಯಾನಿಕ್. ಭದ್ರಾವತಿಯಂಥ ಕಾರ್ಖಾನೆ ಊರಿನ ಪಕ್ಕದಲ್ಲಿರುವ ನಮಗೆ ಅಂಥವರ ಪರಿಚಯ ಮಾಡಿಸಬೇಕಾಗಿಲ್ಲ. ಯೇನಾ ನಗರದ ಝೈಸ್ ಕಂಪನಿಯಲ್ಲಿ ಕೆಲಸಕ್ಕಿದ್ದಾಗ ರಜೆಯಲ್ಲಿ ಕಾಡು ಸುತ್ತಿ ಫೋಟೊ ತೆಗೆಯುವ ಹವ್ಯಾಸ. ಆದರೆ ಭಾರ ಹೊತ್ತರೆ ಉಸಿರು ಕಟ್ಟುತ್ತಿತ್ತು. ಚಿಕ್ಕ ನೆಗೆಟಿವ್ ತೆಗೆದು ದೊಡ್ಡ ಚಿತ್ರ ಮಾಡಿಕೊಂಡರೆ ಹೇಗೆ ಎಂಬ ಯೋಚನೆ ಆಗಲೇ ಹೊಳೆಯಿತು.

1911ರಲ್ಲಿ ವೆಟ್ಸ್ಲರ್ ಊರಿನ ಲೈಟ್ಸ್ ಸೂಕ್ಷ್ಮದರ್ಶಕ ಕಾರ್ಖಾನೆ ಸೇರಿದರು. ಅಲ್ಲಿ ಸಿನಿಮಾ ಫಿಲ್ಮ್ ಕೈಗೆ ಸಿಕ್ಕಿತು. ಅದರ ಒಂದು ಚೌಕಟ್ಟನ್ನು ಇಮ್ಮಡಿಗೊಳಿಸಿ 24 ಮಿ.ಮೀ. ಎತ್ತರ, 36 ಮಿ.ಮೀ. ಅಗಲದ ಅಳತೆ ಗೊತ್ತು ಮಾಡಿದರು. 1914ರ ಹೊತ್ತಿಗೆ ಅಂಗೈಯಲ್ಲಿ ಹಿಡಿಯುವ ಲೋಹದ ಕ್ಯಾಮೆರಾ ಸಿದ್ಧವಾಗಿತ್ತು. ಅಷ್ಟರಲ್ಲಿ ಮಹಾಯುದ್ಧ. ಹತ್ತು ವರ್ಷ ಅದು ಮೂಲೆಯಲ್ಲಿ ಉಳಿಯಿತು. ಬರ್ನಾಕ್ ಮಾತ್ರ ಕೈಬಿಡಲಿಲ್ಲ. 1920ರಲ್ಲಿ ವೆಟ್ಸ್ಲರಿಗೆ ನೆರೆ ಬಂದಾಗ ಅದರಲ್ಲೇ ಚಿತ್ರ ತೆಗೆದರು.

1924ರಲ್ಲಿ ಜರ್ಮನಿಯ ಪರಿಸ್ಥಿತಿ ನೆನೆಯಿರಿ. ಹಣ ಬೆಲೆ ಕಳೆದುಕೊಂಡು ಒಂದು ವರ್ಷವೂ ಆಗಿರಲಿಲ್ಲ. ಈ ಪುಟ್ಟ ಯಂತ್ರ ಮಾರಾಟವಾಗದಿದ್ದರೆ ಕಾರ್ಖಾನೆಗೆ ಏಟು, ಹೊಸ ಕೆಲಸ ಸಿಗದಿದ್ದರೆ ಕೆಲಸಗಾರರ ಹೊಟ್ಟೆಗೆ ಏಟು. ಅನುಮಾನಪಟ್ಟವರು ಹಲವರಿದ್ದರೂ ಮಾಲೀಕ ಎರ್ನ್‌ಸ್ಟ್ ಲೈಟ್ಸ್ ತಯಾರಿಕೆಗೆ ಒಪ್ಪಿದರು. ನನಗೇನೋ ಇಡೀ ಕಥೆಯಲ್ಲಿ ಈ ಘಳಿಗೆಯೇ ದೊಡ್ಡದೆನಿಸುತ್ತದೆ. 1925ರ ಲೈಪ್‌ಜಿಗ್ ಜಾತ್ರೆಯಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಹೊರಬಂತು.

ಒಂದು ಕೊರತೆ ಉಳಿದಿತ್ತು. ವಸ್ತು ಎಷ್ಟು ದೂರದಲ್ಲಿದೆ ಎಂದು ಫೋಟೊಗ್ರಾಫರ್ ಅಂದಾಜು ಮಾಡಬೇಕಿತ್ತು, ಇಲ್ಲವೇ ಬೇರೆ ಉಪಕರಣದಿಂದ ಅಳೆಯಬೇಕಿತ್ತು. 1932ರ ಎರಡನೆಯ ಮಾದರಿಯಲ್ಲಿ ರೇಂಜ್‌ಫೈಂಡರ್ ಒಳಗೇ ಸೇರಿತು. ನಮ್ಮ ಎರಡು ಕಣ್ಣುಗಳಂತೆ ಅದಕ್ಕೆ ಅಂತರದಲ್ಲಿ ಎರಡು ಪುಟ್ಟ ಕಿಟಕಿಗಳು. ಒಳಗೆ ನೋಡಿದರೆ ಒಂದೇ ವಸ್ತು ಎರಡಾಗಿ ಕಾಣುತ್ತದೆ. ಲೆನ್ಸ್ ತಿರುಗಿಸುತ್ತ ಹೋಗಿ, ಎರಡೂ ಸೇರಿ ಒಂದಾದರೆ ಫೋಕಸ್ ಸರಿಯಾಯಿತು ಎಂದರ್ಥ.

1936ರ ಜನವರಿ 16ರಂದು, 56ನೆಯ ವಯಸ್ಸಿನಲ್ಲಿ ಬರ್ನಾಕ್ ತೀರಿಕೊಂಡರು. 1948ರ ಜನವರಿ 30ರಂದು ಫ್ರಾನ್ಸಿನ ಕಾರ್ಟಿಯೇ ಬ್ರೆಸಾನ್ ದೆಹಲಿಯಲ್ಲಿ ಗಾಂಧೀಜಿಯವರನ್ನು ಕಂಡು ಹೊರಟ ಸ್ವಲ್ಪ ಹೊತ್ತಿಗೇ ಗುಂಡು ಹಾರಿತು. ಅವರು ಹಿಂತಿರುಗಿ ಬಂದು, ದುಃಖದಲ್ಲಿ ಮುಳುಗಿದ ಜನಸಾಗರದ ನಡುವೆ ನಿಂತು ಅಂತ್ಯಯಾತ್ರೆಯ ಚಿತ್ರಗಳನ್ನು ತೆಗೆದರು. ಅವರ ಕೈಯಲ್ಲಿದ್ದುದು ಲೈಕಾ.